‘ಆಪರೇಷನ್ ಆಯ್ತಲ್ಲ, ಇನ್ನೇನು?’

ಹುಟ್ಟುವಾಗಲೇ ಎರಡೂ ಕಣ್ಣಲ್ಲಿ ಪೊರೆ ಇದ್ದ ಮಗಳ ಅಪ್ಪ ನಾನು. ಈ ಪ್ರಶ್ನೆಯನ್ನು ಎಂಟು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಊರಿನ ನೆಂಟರು, ಪುಣೆಯ ನಮ್ಮ ಸೊಸೈಟಿಯವರು, ಶಾಲೆಯವರು, ಎಲ್ಲರಿಗೂ ಗೊತ್ತಿರುವುದು ಅಜ್ಜನ ಪೊರೆ: ಬೆಳಿಗ್ಗೆ ಆಪರೇಷನ್, ಸಂಜೆ ಮನೆ, ಕೆಲವೇ ದಿನದಲ್ಲಿ ಮತ್ತೆ ಪೇಪರ್ ಓದು. ಅಜ್ಜನ ಲೆಕ್ಕವನ್ನೇ ಕೂಸಿಗೂ ಹಚ್ಚುತ್ತೀರಲ್ಲ, ಅದೇ ನನ್ನ ತಕರಾರು.

ಅಜ್ಜನ ಮೆದುಳು ನೋಡುವುದನ್ನು ಎಂದೋ ಕಲಿತಿದೆ. ಪರದೆ ಸರಿಸಿದರೆ ಸಾಕು. ಕೂಸಿನ ಮೆದುಳು ಕಲಿಯಲು ಶುರುಮಾಡುವುದೇ ಹುಟ್ಟಿದ ಮೇಲೆ. ಅದಕ್ಕೇ ದಟ್ಟವಾದ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಸುಮಾರು 6 ವಾರದೊಳಗೆ, ಎರಡರಲ್ಲೂ ಇದ್ದರೆ 8ರಿಂದ 10 ವಾರದೊಳಗೆ ತೆಗೆಯಬೇಕೆನ್ನುತ್ತಾರೆ. ತಡವಾದರೆ ಕಣ್ಣು ತಿಳಿಯಾದರೂ ಮೆದುಳು ಅದನ್ನು ಬಳಸಲು ಪೂರ್ತಿ ಕಲಿಯುವುದಿಲ್ಲ. ‘ಸ್ವಲ್ಪ ದೊಡ್ಡದಾಗಲಿ’ ಎಂಬ ಹಿರಿಯರ ಅಕ್ಕರೆ ಇಲ್ಲಿ ದೃಷ್ಟಿಯನ್ನೇ ಕಸಿಯಬಲ್ಲದು.

ಆಪರೇಷನ್ ಆದಮೇಲೆ ಏನೇನಿದೆ ಗೊತ್ತೇ? ಎಳೆಗೂಸಿಗೆ ಅನೇಕ ಸಲ ಒಳಗೆ ಲೆನ್ಸ್ ಕೂರಿಸುವುದಿಲ್ಲ. ದಪ್ಪ ಕನ್ನಡಕ ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್. ಕಣ್ಣು ಬೆಳೆದಂತೆ ನಂಬರೂ ಬದಲು. ಒಂದು ಕಣ್ಣು ಹಿಂದೆ ಬಿದ್ದರೆ ಚೆನ್ನಾಗಿರುವ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ, ಅದೂ ವರ್ಷಗಟ್ಟಲೆ. ಗ್ಲಾಕೋಮಾ ಬಂದೀತೆಂದು ಜೀವನಪೂರ್ತಿ ತಪಾಸಣೆ. ಪಟ್ಟಿ ಕಿತ್ತೆಸೆದು ಅಳುವ ಮಗು, ಮುಗಿದುಹೋದ ರಜೆ, ಊರು ಬದಲಾದಾಗ ಮತ್ತೆ ಮೊದಲಿನಿಂದ ಹೇಳಬೇಕಾದ ಕಥೆ, ಇವು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಇಂದಿಗೂ ನಾವು ಹೆಮ್ಮೆಯಿಂದ ಎಣಿಸುವುದು ಆಪರೇಷನ್‌ಗಳನ್ನು. ಕರಿಹಲಗೆ ಯಾವ ಬೆಂಚಿನಿಂದ ಕಾಣುತ್ತದೆ, ಎಸೆದ ಚೆಂಡು ಕೈಗೆ ಸಿಗುತ್ತದೆಯೇ, ‘ಸೋಡಾಬುಡ್ಡಿ’ ಎಂದವರಿಗೆ ಏನು ಹೇಳಿದೆ ಎಂದು ಮಗುವನ್ನೇ ಕೇಳುವವರು ಎಷ್ಟು ಜನ? ಅಪ್ಪ ಅಮ್ಮ ಕೊಡುವ ಉತ್ತರ ಮಗುವಿನ ಉತ್ತರವಲ್ಲ.

ಆಪರೇಷನ್‌ಗೇ ದುಡ್ಡಿಲ್ಲದವರ ದೇಶದಲ್ಲಿ ಜೀವನದ ಗುಣಮಟ್ಟದ ಮಾತು ಶೋಕಿಯಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಅಲ್ಲ. ಕನ್ನಡಕ, ಪಟ್ಟಿ, ತಪಾಸಣೆ ಇಲ್ಲದಿದ್ದರೆ ಆಪರೇಷನ್ನಿಗೆ ಸುರಿದ ದುಡ್ಡೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಡವರ ಮಗುವಿಗೇ ಇದು ಹೆಚ್ಚು ಬೇಕು.

ಇನ್ನು ‘ಬಸುರಿಯಲ್ಲಿ ಗ್ರಹಣ ನೋಡಿದ್ದಳಂತೆ’ ಎಂಬ ಪಿಸುಮಾತು. ಕೆಲವು ಮಕ್ಕಳಿಗೆ ಇದು ವಂಶವಾಹಿಯಿಂದ, ಕೆಲವರಿಗೆ ತಾಯಿಗೆ ತಗುಲಿದ ರುಬೆಲ್ಲಾದಿಂದ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ರುಬೆಲ್ಲಾಕ್ಕೆ ಲಸಿಕೆ ಇದೆ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪ್ ವದಂತಿ ನಂಬಿ ಬೇಡವೆಂದವರೂ ನಮ್ಮವರೇ. ತಾಯಿಯನ್ನು ದೂರುವ ಬಾಯಿಗಳು ಲಸಿಕೆಯ ಮಾತಾಡಲಿ.

ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ, ಡಿಸ್ಚಾರ್ಜ್‌ಗೆ ಮುಂಚೆ ಕಣ್ಣಿಗೆ ಬೆಳಕು ಬಿಟ್ಟು ಕೆಂಪು ಹೊಳಪು ನೋಡಿದ್ದೀರಾ ಎಂದು ಡಾಕ್ಟರನ್ನು ಕೇಳಿ. ಸರಿಯಾಗಿ ನೋಡಲು ಕೆಲವು ನಿಮಿಷ ಸಾಕು. ಆಪರೇಷನ್ ಆದ ಮಗುವೊಂದು ಎದುರಾದರೆ ‘ಇನ್ನೇನು’ ಎನ್ನಬೇಡಿ. ‘ಎಲ್ಲಿ ಕೂತರೆ ನಿನಗೆ ಚೆನ್ನಾಗಿ ಕಾಣುತ್ತದೆ, ಪುಟ್ಟಾ?’ ಎಂದು ಕೇಳಿ, ಅಲ್ಲಿ ಜಾಗ ಬಿಡಿ.