ಟೆಲಿಕನ್ವರ್ಟರು ಬೇಕೆ?

ದೂರದ ಬೆಟ್ಟ ನುಣ್ಣಗೆ ಎಂಬುದು ಹಿರಿಯರ ಮಾತು. ವನ್ಯಪ್ರಾಣಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸಿಗೆ ಈ ನುಣುಪೇ ಮೊದಲ ಶತ್ರು. ಕಣ್ಣಿಗೆ ಕರಡಿಯಾಗಿ ಕಂಡದ್ದು ಚಿತ್ರದಲ್ಲಿ ಕರಿಯ ಚುಕ್ಕೆಯಾಗಿ ಉಳಿಯುತ್ತದೆ. ಈ ಕೊರತೆಯನ್ನು ನೀಗಲೆಂದು ಟೆಲಿಫೋಟೋ ಜೂಮ್ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಚಿಕ್ಕ ಸಾಧನವೇ ಟೆಲಿಕನ್ವರ್ಟರು. ಇದೊಂದು ಕೈಗೆ ಬಂದರೆ ಸಾಕು, ಕಾಡೆಲ್ಲ ಹತ್ತಿರ ಬಂದಂತೆಯೇ ಎಂದು ನಂಬಿರುವ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ಅದರ ಬೆಲೆಯೋ ಹತ್ತಾರು ಸಾವಿರ ರೂಪಾಯಿ. ಮನೆಯವರು ಕಷ್ಟಪಟ್ಟು ಉಳಿಸಿ ಕಳುಹಿಸಿದ ಹಣವನ್ನು ಇದಕ್ಕೆ ಸುರಿಯುವ ಮುನ್ನ ಈ ನಂಬಿಕೆಯನ್ನು ಕೊಂಚ ಪರೀಕ್ಷಿಸಿ ನೋಡುವುದು ಒಳ್ಳೆಯದಲ್ಲವೆ?

ಕನ್ವರ್ಟರು ಸಾಮಾನ್ಯವಾಗಿ ಎರಡು ಬಗೆ: 1.4 ಪಟ್ಟಿನದು, 2 ಪಟ್ಟಿನದು. 400 ಮಿಲಿಮೀಟರಿನ ಲೆನ್ಸು ಮೊದಲನೆಯದರಿಂದ 560 ಆಗುತ್ತದೆ, ಎರಡನೆಯದರಿಂದ 800 ಆಗುತ್ತದೆ. ಆದರೆ ಲೆನ್ಸಿನ ಒಳಕ್ಕೆ ಬರುವ ಬೆಳಕು ಇದರಿಂದ ಹೆಚ್ಚುವುದಿಲ್ಲ. ಬಂದಷ್ಟೇ ಬೆಳಕು ಹೆಚ್ಚು ಜಾಗಕ್ಕೆ ಹರಡುತ್ತದೆ. ಒಂದೇ ಸೌಟು ಹಿಟ್ಟಿನಲ್ಲಿ ದೊಡ್ಡ ದೋಸೆ ಹುಯ್ದರೆ ದೋಸೆ ಅಗಲವಾಗುವುದು ನಿಜ, ತೆಳುವಾಗುವುದೂ ನಿಜ. ಎಫ್ 5.6 ಇದ್ದ ಲೆನ್ಸು 1.4 ಪಟ್ಟಿನದರಿಂದ ಎಫ್ 8 ಆಗಿ ಬೆಳಕು ಅರ್ಧಕ್ಕೆ ಇಳಿಯುತ್ತದೆ; 2 ಪಟ್ಟಿನದರಿಂದ ಎಫ್ 11 ಆಗಿ ಕಾಲುಭಾಗಕ್ಕೆ ಇಳಿಯುತ್ತದೆ.

ಇದರ ಪರಿಣಾಮವನ್ನು ಹಂಪೆಗೆ ಸಮೀಪದ ದರೋಜಿ ಕರಡಿಧಾಮದಲ್ಲಿ ಚೆನ್ನಾಗಿ ಕಾಣಬಹುದು. ಅಲ್ಲಿ ನೋಡುವವರು ವೀಕ್ಷಣಾ ಗೋಪುರದಲ್ಲಿರಬೇಕು. ಎದುರಿನ ಗುಡ್ಡದ ಬಂಡೆಗಳಿಗೆ ಸವರಿಟ್ಟ ಸಿಹಿಯನ್ನು ನೆಕ್ಕಲು ಕರಡಿಗಳು ಇಳಿಬಿಸಿಲಿನ ಹೊತ್ತಿಗೆ ಬರುತ್ತವೆ. ಕೈಯಲ್ಲಿ ಹಿಡಿದ 400 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ 400ರಲ್ಲಿ ಒಂದು ಪಾಲಿನ ವೇಗವಾದರೂ ಬೇಕೆಂಬುದು ರೂಢಿಯ ಲೆಕ್ಕ. ಆ ಸಂಜೆಯ ಬೆಳಕಿನಲ್ಲಿ 500ರಲ್ಲಿ ಒಂದು ಪಾಲು ದೊರೆಯಿತೆನ್ನೋಣ, ಚಿತ್ರ ಬಂದೀತು. ಈಗ 2 ಪಟ್ಟಿನ ಕನ್ವರ್ಟರನ್ನು ಸೇರಿಸಿರಿ. ಬೇಕಾದುದು 800ರಲ್ಲಿ ಒಂದು ಪಾಲು. ದೊರೆಯುವುದು 125ರಲ್ಲಿ ಒಂದು ಪಾಲು! ಕೈ ನಡುಕವನ್ನು ತಡೆಯುವ ವ್ಯವಸ್ಥೆ ಇಂದಿನ ಲೆನ್ಸುಗಳಲ್ಲಿ ಇದೆಯಾದರೂ ಕರಡಿ ತಲೆಯಾಡಿಸುವುದನ್ನು ಅದು ತಡೆಯಲಾರದು. ಐಎಸ್‌ಒ ಏರಿಸಿದರೆ ಚಿತ್ರ ಮರಳು ಮರಳಾಗುತ್ತದೆ. ಸಾಲದುದಕ್ಕೆ, ದಿನವೆಲ್ಲ ಕಾದ ಬಂಡೆಯಿಂದೇಳುವ ಬಿಸಿಗಾಳಿಯ ನಡುಕವೂ ಕರಡಿಯ ಜೊತೆಗೇ ದೊಡ್ಡದಾಗಿ ಕಾಣಿಸುತ್ತದೆ.

ಹಾಗಾದರೆ ಕನ್ವರ್ಟರು ನಿಷ್ಪ್ರಯೋಜಕವೆ? ಹಾಗೆಂದರೆ ಅನ್ಯಾಯವಾದೀತು. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ರಂಗನತಿಟ್ಟಿನ ಬಂಡೆಯ ಮೇಲೆ ಮೊಸಳೆ ಕದಲದೆ ಮಲಗಿರುವಾಗ ಎಫ್ 8ರಲ್ಲಿಯೂ ಸೆಕೆಂಡಿನ 1000ರಲ್ಲಿ ಒಂದು ಪಾಲು ಸುಲಭವಾಗಿ ದೊರೆಯುತ್ತದೆ. ಲೆನ್ಸು ಒಳ್ಳೆಯದಾಗಿದ್ದರೆ ಅದರ ಚರ್ಮದ ಗಂಟುಗಂಟನ್ನೂ ಎಣಿಸಬಹುದು. ಲೆನ್ಸು ಎಷ್ಟು ಸಮೀಪದ ವಸ್ತುವನ್ನು ಹಿಡಿಯಬಲ್ಲುದೋ ಆ ಅಂತರವನ್ನು ಕನ್ವರ್ಟರು ಬದಲಿಸುವುದಿಲ್ಲವಾದ ಕಾರಣ ಚಿಟ್ಟೆ, ಕೊಡತಿಹುಳುಗಳಿಗೂ ಅದು ಅನುಕೂಲವೇ. ಆದರೆ ಎಲ್ಲ ಜೂಮುಗಳೂ ಅದನ್ನು ಸಮಾನವಾಗಿ ಒಪ್ಪುವುದಿಲ್ಲ. 2020ರಲ್ಲಿ ಬಂದ ಕ್ಯಾನನ್ ಆರ್‌ಎಫ್ 100-500 ಲೆನ್ಸಿಗೆ ಅದನ್ನು ಸೇರಿಸಿದರೆ ಜೂಮನ್ನು 300ಕ್ಕಿಂತ ಕೆಳಕ್ಕೆ ಇಳಿಸಲಾಗದು. ಆನೆ ಜೀಪಿನ ಬಳಿಗೇ ಬಂದರೆ ಅದರ ಸೊಂಡಿಲಷ್ಟೇ ಸಿಕ್ಕೀತು. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಅನೇಕವು ಎಫ್ 8ರಲ್ಲಿ ತಾವಾಗಿಯೇ ಫೋಕಸ್ ಮಾಡಲು ತಡವರಿಸುತ್ತವೆ.

ಖರ್ಚಿಲ್ಲದ ದಾರಿಯೊಂದಿದೆ: ತೆಗೆದ ಚಿತ್ರದ ಅಂಚುಗಳನ್ನು ಕತ್ತರಿಸುವುದು. 24 ಮೆಗಾಪಿಕ್ಸೆಲ್ ಚಿತ್ರವನ್ನು 1.4 ಪಟ್ಟಿಗೆ ಸಮನಾಗಿ ಕತ್ತರಿಸಿದರೆ ಸುಮಾರು 12 ಉಳಿಯುತ್ತದೆ. ಈ ಸಂಚಿಕೆಯ ಪುಟವೊಂದಕ್ಕೆ ಅಷ್ಟು ಧಾರಾಳವಾಗಿ ಸಾಕು. 2 ಪಟ್ಟಿಗೆ ಕತ್ತರಿಸಿದರೆ 6 ಮಾತ್ರ ಉಳಿಯುವುದರಿಂದ ದೊಡ್ಡ ಪ್ರತಿಗೆ ಅದು ಸಾಲದು.

“ಇಷ್ಟೆಲ್ಲ ತೊಡಕೇಕೆ? ನಾಲ್ಕು ಹೆಜ್ಜೆ ಮುಂದೆ ಹೋದರಾಯಿತು” ಎನ್ನುವವರುಂಟು. ನನ್ನ ಮುಖ್ಯವಾದ ಭಿನ್ನಾಭಿಪ್ರಾಯ ಇಲ್ಲಿಯೇ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಣ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ತಲೆತಲಾಂತರದಿಂದ ಅವಕ್ಕೆ ಕೇಡು ಮಾಡಲಿಲ್ಲವಾದ ಕಾರಣ ಆ ಸಾಮೀಪ್ಯವನ್ನು ಹಕ್ಕಿಗಳೇ ಕೊಟ್ಟಿವೆ. ಅನ್ಯತ್ರ ನಾವು ಅದನ್ನು ಕಸಿದುಕೊಳ್ಳಲು ಹೊರಟರೆ ತಾಯಿಹಕ್ಕಿ ಗೂಡು ಬಿಟ್ಟೇಳುತ್ತದೆ. ಮೊಟ್ಟೆಗಳು ಬಿಸಿಲಿಗೋ ಕಾಗೆಗಳಿಗೋ ತುತ್ತಾಗುತ್ತವೆ. ನಾಲ್ಕು ಹೆಜ್ಜೆಯ ಬೆಲೆಯನ್ನು ತೆರುವವರು ನಾವಲ್ಲ. ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1920ರ ದಶಕದಲ್ಲಿಯೇ ಕಾಡುದಾರಿಯಲ್ಲಿ ತಂತಿ ಕಟ್ಟಿ, ಅದನ್ನು ತುಳಿದ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದರು. ಹುಲಿಯನ್ನು ಅಟ್ಟಿಕೊಂಡು ಹೋಗದೆ ಅದರ ದಾರಿಯನ್ನು ತಿಳಿದುದೇ ಅವರ ಸಾಮರ್ಥ್ಯ.

ಆದುದರಿಂದ ಕನ್ವರ್ಟರನ್ನು ಮುಂದಡಿಯಿಡುವುದಕ್ಕೆ ಬದಲಾಗಿ ಬಳಸುವುದು ಯೋಗ್ಯ. ಬೆಳಕಿಗೆ ಬದಲಾಗಿ ಬಳಸುವುದು ವ್ಯರ್ಥ. ಬೆಳಕಿಲ್ಲದಾಗ, ಸುತ್ತಣ ಬಂಡೆ ಪೊದೆಗಳೊಡನೆ ಕರಡಿ ಚಿಕ್ಕದಾಗಿಯೇ ಇರಲಿ; ಅದು ಎಲ್ಲಿ ಬಾಳುತ್ತದೆಂಬುದನ್ನು ಆ ಚಿತ್ರವೂ ಹೇಳುತ್ತದೆ. ಹೊಸಬರು ಮೊದಲು ಗಟ್ಟಿಯಾದ ಮುಕ್ಕಾಲಿಯೊಂದನ್ನು ಕೊಳ್ಳಲಿ, ಪ್ರಾಣಿಗಳ ಹೊತ್ತು ಗೊತ್ತುಗಳನ್ನು ಕಲಿಯಲಿ. ಆಮೇಲೂ ಬೇಕೆನಿಸಿದರೆ 1.4 ಪಟ್ಟಿನದೇ ಲೇಸು. ಒಂದೇ ಬಗೆಯ ಕ್ಯಾಮೆರಾ ಇರುವ ನಾಲ್ವರು ಕೂಡಿ ಒಂದನ್ನು ಕೊಂಡು ಸರದಿಯಂತೆ ಬಳಸಿದರೆ ಯಾರ ಮನೆಗೂ ಭಾರವಾಗದು. ನಮ್ಮ ಕಾಲೇಜಿನ ಹವ್ಯಾಸಿ ಮಿತ್ರರು ಇದನ್ನು ಆಲೋಚಿಸುವರೆಂದು ಆಶಿಸುತ್ತೇನೆ.