ಕನಿಕರವೆಂಬ ಅವಮಾನ

ವಯಸ್ಸಾದ ಹೆಣ್ಣುಮಗಳೊಬ್ಬಳು ತನ್ನ ಮನೆಯಲ್ಲಿ ತಾನೇ ಬೇಯಿಸಿಕೊಂಡು, ತನ್ನ ಹಿತ್ತಲನ್ನು ತಾನೇ ನೋಡಿಕೊಂಡು ಬಾಳಿದರೆ, ನಮ್ಮ ಸಮಾಜ ಅವಳಿಗೆ ಕೊಡುವ ಬಿರುದು ಒಂದೇ: ‘ಪಾಪ, ಒಂಟಿ ಜೀವ’. ಅದೇ ವಯಸ್ಸಿನ ಗಂಡಸು ತೋಟದ ಮನೆಯಲ್ಲಿ ಒಬ್ಬನೇ ಇದ್ದರೆ ‘ಗಟ್ಟಿ ಮನುಷ್ಯ, ಯಾರ ಹಂಗಿನಲ್ಲಿಯೂ ಇಲ್ಲ’ ಎಂದು ಹೊಗಳುತ್ತೇವೆ. ಒಂದೇ ಬಾಳುವೆಗೆ ಎರಡು ಅಳತೆಗೋಲು ಏಕೆ? ಈ ಕನಿಕರವು ಮೊದಲು ಆಕೆಯ ವಿದ್ಯೆಯನ್ನು ಮರೆಸುತ್ತದೆ. ಆಮೇಲೆ ಆಕೆಯನ್ನು ಆಕೆಯ ನೆಲದಿಂದಲೇ ಬಿಡಿಸುತ್ತದೆ ಎಂಬುದು ನನ್ನ ತಕರಾರು.

2025ರ ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕನವರು ತೀರಿಕೊಂಡಾಗ ಎಲ್ಲೆಲ್ಲೂ ಕೇಳಿಬಂದ ಮಾತನ್ನು ನೆನಪಿಸಿಕೊಳ್ಳಿ. ‘ಮಕ್ಕಳಿಲ್ಲದ ಕೊರಗನ್ನು ಮರಗಳಲ್ಲಿ ಮರೆತ ತಾಯಿ’ ಎಂದೇ ಎಲ್ಲರೂ ನೆನೆದರು. ಕೊರಗು ಇದ್ದೀತು, ಅದನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೆ ಬರೀ ಕೊರಗಿನಿಂದ ಆಲದ ಸಸಿ ಚಿಗುರುವುದಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಗೆ ನೆರಳು ತಂದವರು ಆಕೆ ಮತ್ತು ಪತಿ ಚಿಕ್ಕಯ್ಯ. ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಬೇರೂರಲು ಮಳೆಗಾಲ ನೆರವಾಗಲೆಂದು ಆಗಲೇ ನೆಡುವುದು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು, ಮೈಲಿಗಟ್ಟಲೆ ನೀರು ಹೊರುವುದು. ಇದು ಲೆಕ್ಕಾಚಾರವುಳ್ಳ ಕೃಷಿವಿದ್ಯೆ. 1991ರಲ್ಲಿ ಚಿಕ್ಕಯ್ಯ ತೀರಿಕೊಂಡ ಮೇಲೆಯೂ ಆಕೆಯ ಕೆಲಸ ನಿಲ್ಲಲಿಲ್ಲ.

2019ರಲ್ಲಿ ಆಕೆಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ಅಗಲೀಕರಣದ ಯೋಜನೆಯೊಂದು ಅದೇ ಮರಗಳ ಬುಡಕ್ಕೆ ಬಂದಾಗ, ನೂರು ದಾಟಿದ ಆ ಮುದುಕಿಯೇ ಮುಖ್ಯಮಂತ್ರಿಗಳ ಬಳಿ ಹೋಗಿ ಮರಗಳನ್ನು ಉಳಿಸಿರೆಂದು ಕೇಳಿಕೊಳ್ಳಬೇಕಾಯಿತು. ‘ಮಾತೆ’ ಎಂದು ಕರೆಯುವುದು ಸುಲಭ. ಮಾತೆಯ ಮಾತು ಕೇಳುವುದು ಕಷ್ಟ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ವಿಷಯದಲ್ಲಿಯೂ ಹೀಗೆಯೇ ಆಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ದೇಶವೆಲ್ಲ ಮಾತಾಡಿದ್ದು ಆಕೆಯ ಬರಿಗಾಲನ್ನು. ಅರಣ್ಯ ಇಲಾಖೆಯ ಸಸ್ಯಪಾಲನಾಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದ ಆ ಹಾಲಕ್ಕಿ ಹೆಣ್ಣುಮಗಳು ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸಿ, ಅದರ ಬೀಜವನ್ನು ಸರಿಯಾದ ಹೊತ್ತಿಗೆ ಆಯುತ್ತಿದ್ದರು. ಕಾಲೇಜಿನಲ್ಲಿ ಹೇಳಿಕೊಡಲಾಗದ ಆ ಕಣ್ಣಿನ ಬಗ್ಗೆ ಎಷ್ಟು ಜನ ವಿಚಾರಿಸಿದರು? 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಆ ಕಣ್ಣೂ ಅವರೊಂದಿಗೇ ಹೋಯಿತು.

ಇವರಿಬ್ಬರೂ ನಾಡಿಗೆ ಗೊತ್ತಾದವರು. ಗೊತ್ತಾಗದೇ ಹೋದವರು ನಮ್ಮ ಊರೂರಿನಲ್ಲಿದ್ದಾರೆ. ಖಾನಾಪುರದಲ್ಲಿ ನಾನು ಬಲ್ಲ ಒಬ್ಬ ಆಯಿ ಇದ್ದರು. ಹೆಸರು ಬರೆಯುವುದು ಬೇಡ. ಪತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳು ಬೆಳಗಾವಿಯಲ್ಲಿ. ಖಾನಾಪುರದ ಮಳೆ ಬಲ್ಲವರಿಗೆ ಅಲ್ಲಿ ಹೂದೋಟ ಇಡುವುದೆಂದರೆ ಏನೆಂದು ಗೊತ್ತು. ಬೆಳಗಾವಿಯಲ್ಲಿ ಜಿನುಗುವ ಮಳೆ ಅಲ್ಲಿ ಸುರಿಯುತ್ತದೆ. ಅಬ್ಬಲಿಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆಯಿ ವೈಶಾಖದಲ್ಲಿಯೇ ಮಡಿ ಏರಿಸಿ, ಬದಿಗೆ ಕಾಲುವೆ ತೋಡಿ ಮುಗಿಸುತ್ತಿದ್ದರು. ಬದನೆಯ ಸಾಲಿನ ನಡುವೆ ಚೆಂಡು ಹೂವಿನ ಗಿಡ ಹಚ್ಚಿ ಬೇರಿನ ಹುಳುವಿನ ಕಾಟ ತಗ್ಗಿಸುತ್ತಿದ್ದರು. ಮಾಗಿಯಲ್ಲಿ ಮಲ್ಲಿಗೆಗೆ ಕೆಲವು ವಾರ ನೀರು ನಿಲ್ಲಿಸಿ, ಟೊಂಗೆ ಸವರಿ, ವಸಂತಕ್ಕೆ ಮೊಗ್ಗು ತುಂಬಿಸುತ್ತಿದ್ದರು.

ಒಮ್ಮೆ ಮಕ್ಕಳು ಆಕೆಯನ್ನು ಬೆಳಗಾವಿಗೆ ಕರೆತಂದರು. ಮೂರನೆಯ ಅಂತಸ್ತಿನ ಮನೆ, ಬಾಲ್ಕನಿಯಲ್ಲಿ ನಾಲ್ಕು ಕುಂಡ. ಮುಂಗಾರಿಗೆ ಇನ್ನೂ ತಿಂಗಳಿರುವಾಗ ಆಕೆ ಒಬ್ಬರೇ ಬಸ್ಸು ಹತ್ತಿ ಖಾನಾಪುರಕ್ಕೆ ಮರಳಿದರು. ‘ಹಟಮಾರಿ’ ಎಂದರು ಬಂಧುಗಳು. ಆಯಿ ನನಗೆ ಹೇಳಿದ್ದು ಇಷ್ಟೇ: ‘ಮಳಿ ಬರೂಕಿಂತ ಮೊದಲ ಮಡಿ ಏರಿಸಬೇಕ್ರಿ ಮಾಸ್ತರ. ಮಳಿ ಬಂದ ಮ್ಯಾಲೆ ಏನ ಮಾಡೂದು?’ ಹಟ ಎಲ್ಲಿ ಬಂತು ಇದರಲ್ಲಿ? ರೈತನೊಬ್ಬ ಹೀಗೆಂದಿದ್ದರೆ ‘ಕಸುಬುದಾರ’ ಎನ್ನುತ್ತಿದ್ದೆವು.

ಆಯಿ ಹೋದ ಮೇಲೆ ನೆರೆದವರೆಲ್ಲ ‘ಪಾಪ, ಕಡೆಗೂ ಒಂಟಿಯಾಗಿಯೇ ಹೋದಳು’ ಎಂದರು. ಅಲ್ಲಿದ್ದ ಎಷ್ಟೋ ಮನೆಗಳ ಅಂಗಳದಲ್ಲಿ ಆಕೆ ಕೊಟ್ಟ ಸಸಿಯಿತ್ತು! ವರ್ಷ ತುಂಬುವುದರೊಳಗೆ ಹಿತ್ತಲನ್ನು ಸಪಾಟು ಮಾಡಿದ್ದರು. ಏನೇನು ಗಿಡಗಳಿದ್ದವು ಎಂದು ಬರೆದಿಟ್ಟವರು ಯಾರೂ ಇಲ್ಲ.

‘ರಾತ್ರಿ ಜಾರಿ ಬಿದ್ದರೆ ಯಾರು ನೋಡಬೇಕು?’ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದರೆ ಜಾರುವ ಬಚ್ಚಲಿಗೆ ಒರಟು ಕಲ್ಲು ಹಾಸಬಹುದು, ಗೋಡೆಗೆ ಹಿಡಿಕೆ ಹಾಕಿಸಬಹುದು, ನೆರೆಮನೆಗೆ ಒಂದು ಕೀಲಿಕೈ ಕೊಡಬಹುದು, ಬೆಳಿಗ್ಗೆ ಸಂಜೆ ಒಂದು ಕರೆ ಮಾಡಬಹುದು. ಇವನ್ನೆಲ್ಲ ಮಾಡಿ ನೋಡಿ, ಸಾಲದಾದಾಗ ಮಾತ್ರ ಊರು ಬಿಡಿಸುವ ಮಾತು. ನಾವಾದರೋ ಅದನ್ನೇ ಮೊದಲು ಆಡುತ್ತೇವೆ. ಅದರ ಹಿಂದೆಯೇ ಜಾಗದ ಕಾಗದಪತ್ರಗಳ ಮಾತೂ ಬರುತ್ತದೆ.

ಆದ್ದರಿಂದ ನನ್ನ ಓರಗೆಯ ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮ ಹೆಸರಿನಲ್ಲಿರುವ ಜಾಗವನ್ನು ಕನಿಕರದ ಒತ್ತಾಯಕ್ಕೆ ಬರೆದುಕೊಡಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿಸಿದೆ. ದಾನಪತ್ರ ಮಾಡುವುದೇ ಆದರೆ ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ. ಅದು ನಡೆಯದಿದ್ದರೆ, ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಆ ದಾನವನ್ನು ಅನೂರ್ಜಿತವೆಂದು ಘೋಷಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು.

ಉಳಿದವರಿಗೆ ಇನ್ನೊಂದು ಮಾತು. ಇಂಥ ಹಿತ್ತಲು ನಿಮ್ಮ ಓಣಿಯಲ್ಲಿಯೂ ಒಂದು ಇದ್ದೀತು. ಅಲ್ಲಿಗೆ ಹೋದಾಗ ‘ಒಬ್ಬರೇ ಹೇಗಿರುತ್ತೀರಿ?’ ಎಂದು ಕೇಳಬೇಡಿ. ‘ಈ ಗಿಡವನ್ನು ಇಷ್ಟು ಮಳೆಯಲ್ಲಿ ಹೇಗೆ ಉಳಿಸಿಕೊಂಡಿರಿ?’ ಎಂದು ಕೇಳಿ. ಉತ್ತರವನ್ನು ಬರೆದುಕೊಳ್ಳಿ, ಒಂದು ಟೊಂಗೆಯನ್ನು ಬೇಡಿ ತನ್ನಿ. ಜೀವವಿರುವಾಗ ಕೊಡಬೇಕಾದ ಮರ್ಯಾದೆಯೆಂದರೆ ಇದು.