ಟಿಪ್ಪು ರಾಕೆಟ್ಟಿನ ತೂಕ ಎಷ್ಟು ಸ್ವಾಮಿ?

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ನಾಗಮಂಗಲ ತಾಲ್ಲೂಕಿನ ದೇವಲಾಪುರ. ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್‌ಗೆ ಹೋದೆ. ಅಲ್ಲಿ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ಇಬ್ಬರು ಹುಡುಗರ ಜಗಳ ನಡೀತಿತ್ತು. "ಪ್ರಪಂಚದ ಮೊದಲನೇ ಮಿಸೈಲು ಕಣ್ಲಾ, ನಾಸಾದವ್ರೇ ಒಪ್ಕಂಡವ್ರೆ" ಅಂತ ಒಬ್ಬ. "ದೀಪಾವಳಿ ರಾಕೆಟ್ಗೆ ಇಷ್ಟೊಂದ್ ಬಿಲ್ಡಪ್ಪಾ?" ಅಂತ ಇನ್ನೊಬ್ಬ. ಹುಡುಗರು, ಬಿಡಿ. ಆದ್ರೆ ನಮ್ಮ ಬ್ಲಾಗುಗಳಲ್ಲೂ, ವಾಟ್ಸಾಪಿನಲ್ಲೂ ದೊಡ್ಡ ದೊಡ್ಡವರು ಆಡ್ತಿರೋದು ಇದೇ ಜಗಳ ತಾನೆ? ನವೆಂಬರ್ ಬಂದ್ರೆ ಸಾಕು, ಶುರು.

ನನ್ನ ತಕರಾರು ಎರಡೂ ಕಡೆಯವರ ಮೇಲಿದೆ. ಒಬ್ಬರಾದ್ರೂ ತೂಕ ಕೇಳಿದ್ದೀರಾ?

ಯಾಕೆ ತೂಕ ಅಂತ ಹೇಳ್ತೀನಿ. ಅಮೆರಿಕದಲ್ಲಿ ರೈಫಲ್ ಹವ್ಯಾಸಿಗಳು ತಮ್ಮ ತೋಟಾಗಳನ್ನ ತಾವೇ ತುಂಬಿಕೊಳ್ತಾರೆ. ಅವರು ತಲೆ ಕೆಡಿಸಿಕೊಳ್ಳೋ ಮೊದಲ ವಿಷಯಾನೇ ಗುಂಡು ಎಷ್ಟು ಭಾರ ಇರಬೇಕು ಅನ್ನೋದು. ಒಂದೇ ಬಂದೂಕಿಗೆ 150 ಗ್ರೇನ್ (ಸುಮಾರು 9.7 ಗ್ರಾಂ) ಗುಂಡೂ ಸಿಗುತ್ತೆ, 180 ಗ್ರೇನ್ (11.7 ಗ್ರಾಂ) ಗುಂಡೂ ಸಿಗುತ್ತೆ. ಹಗುರದ್ದು ನಳಿಗೆ ಬಿಡುವಾಗ ಜೋರು, ಆದ್ರೆ ಗಾಳಿಯಲ್ಲಿ ಬೇಗ ಸುಸ್ತಾಗುತ್ತೆ. ಭಾರದ್ದು ನಿಧಾನವಾಗಿ ಹೊರಟರೂ ವೇಗ ಉಳಿಸಿಕೊಳ್ಳುತ್ತೆ. ಈ ಉಳಿಸಿಕೊಳ್ಳೋ ಶಕ್ತಿಗೆ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಅಂತ ಹೆಸರು. ತೂಕವನ್ನ ವ್ಯಾಸದ ವರ್ಗದಿಂದ ಭಾಗಿಸಿ, ಮೂತಿ-ಬಾಲದ ಆಕಾರಕ್ಕೆ ಒಂದು ಲೆಕ್ಕ ಹಾಕಿದ್ರೆ ಬರೋ ಸಂಖ್ಯೆ. ಅಷ್ಟೇ, ಮಂತ್ರ ಏನಿಲ್ಲ.

ಈಗ 1799ಕ್ಕೆ ಬನ್ನಿ. ಕಂಪನಿ ಸಿಪಾಯಿಯ ಮಸ್ಕೆಟ್‌ನಲ್ಲಿದ್ದದ್ದು ಉಂಡೆ ಗುಂಡು. ಸುಮಾರು 17.5 ಮಿ.ಮೀ. ದಪ್ಪ, 32 ಗ್ರಾಂ ಸೀಸ. ಮುಂಭಾಗದ ಒಂದು ಚದರ ಸೆಂ.ಮೀ.ಗೆ ಎಷ್ಟು ತೂಕ ಬೀಳುತ್ತೆ ಅಂತ ಲೆಕ್ಕ ಹಾಕಿದೆ, 13 ಗ್ರಾಂ ಚಿಲ್ಲರೆ. ಅದೇ 7.8 ಮಿ.ಮೀ. ದಪ್ಪದ, 11.7 ಗ್ರಾಮಿನ ಇವತ್ತಿನ ಗುಂಡಿಗೆ 24! ಒಟ್ಟು ತೂಕ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪವೇ ಜಾಸ್ತಿ, ಆದ್ರೂ ಗಾಳಿ ಸೀಳೋದ್ರಲ್ಲಿ ಅಜಗಜಾಂತರ. ಉಂಡೆಯ ಗ್ರಹಚಾರ ಏನಂದ್ರೆ ತೂಕ ಹೆಚ್ಚಿಸಬೇಕಾದ್ರೆ ದಪ್ಪ ಮಾಡ್ಲೇಬೇಕು, ದಪ್ಪ ಮಾಡಿದ್ರೆ ಗಾಳಿ ಹಿಡಿಯುತ್ತೆ. ಉದ್ದ ಮಾಡೋಕೆ ಬರಲ್ಲ.

ಗಾಳಿ ಎಷ್ಟು ಜೋರಾಗಿ ತಡೆಯುತ್ತೆ ಅಂತ ಮೊದಲು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್. ಗುಂಡು ಬಡಿದಾಗ ತೂಗುವ ಮರದ ಲೋಲಕ ಇಟ್ಟುಕೊಂಡು ವೇಗ ಅಳೆದು, 1742ರಲ್ಲಿ ಪುಸ್ತಕ ಬರೆದ. ಅವನು ಸತ್ತದ್ದು ಎಲ್ಲಿ ಗೊತ್ತಾ? ಕಂಪನಿಯ ಎಂಜಿನಿಯರ್ ಆಗಿ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ.

ಶ್ರೀರಂಗಪಟ್ಟಣದ ರಾಕೆಟ್ಟಿಗೆ ಬರೋಣ. ಬೆಂಗಳೂರಿನ ಎನ್‌ಎಎಲ್‌ನಲ್ಲಿದ್ದ ರೊದ್ದಂ ನರಸಿಂಹ ಅವರು 1985ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧದಲ್ಲಿ, ಲಂಡನ್ನಿನ ವುಲಿಚ್‌ನಲ್ಲಿ ಇಟ್ಟಿದ್ದ ಎರಡು ಮೈಸೂರು ರಾಕೆಟ್ಟುಗಳ ಅಳತೆ ಇದೆ. ಒಂದು 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದದ ಕಬ್ಬಿಣದ ಕೊಳವೆ, ಅದಕ್ಕೆ ಚರ್ಮದ ಪಟ್ಟಿಯಲ್ಲಿ ಬಿಗಿದ 1.02 ಮೀಟರ್ ಕತ್ತಿ. ಇನ್ನೊಂದು 37 ಮಿ.ಮೀ. ದಪ್ಪ, 198 ಉದ್ದ, ಅದಕ್ಕೆ 1.9 ಮೀಟರ್ ಬಿದಿರು. ಭಾಗಿಸಿ ನೋಡಿ: ಉದ್ದ ದಪ್ಪದ ನಾಲ್ಕೂವರೆಯಿಂದ ಐದೂಕಾಲು ಪಟ್ಟು. ಉಂಡೆ ಗುಂಡಿಗೆ ಈ ಲೆಕ್ಕ ಒಂದು!

ರೈಫಲ್ ಗುಂಡಿನ ತೂಕ ಹಾರಾಟದ ಕೊನೆತನಕ ಒಂದೇ. ರಾಕೆಟ್ಟು ಹಾಗಲ್ಲ, ಮದ್ದು ಉರೀತಾ ಉರೀತಾ ಹಗುರ ಆಗುತ್ತೆ. ವೇಗ ಏರಿ ಗಾಳಿ ಜೋರಾಗಿ ತಡೆಯೋ ಹೊತ್ತಿಗೇ ಸರಿಯಾಗಿ ತೂಕ ಕೈಕೊಡುತ್ತೆ. ಆಗ ಯೂರೋಪಿನಲ್ಲಿದ್ದ ಕಾಗದದ ರಟ್ಟಿನ ಕೊಳವೆಯಲ್ಲಿ ಮದ್ದು ಮುಗಿದ ಮೇಲೆ ಉಳಿಯೋದೇನು, ಬರೀ ಸಿಪ್ಪೆ. ಕಬ್ಬಿಣದ ಕೊಳವೆ ಒಳಗಿನ ಒತ್ತಡ ತಡೀತಿತ್ತು ಅಂತ ಎಲ್ಲರೂ ಬರೀತಾರೆ, ಸರಿ. ಆದ್ರೆ ಮದ್ದು ಮುಗಿದ ಮೇಲೂ ಅದರ ತೂಕ ಉಳೀತಿತ್ತಲ್ಲ, ಅದನ್ನ ಯಾಕೆ ಬಿಡ್ತೀರಿ? ಆ ಕತ್ತಿ? ಮುಕ್ಕಾಲು ಕೆಜಿ ಅಂತ ಇಟ್ಕೊಳ್ಳಿ (ಇದು ನನ್ನ ಊಹೆ). 58 ಮಿ.ಮೀ. ಕೊಳವೆಯ ಮುಂಭಾಗ 26 ಚದರ ಸೆಂ.ಮೀ. ಚಿಲ್ಲರೆ. ಕತ್ತಿಯೊಂದರಿಂದಲೇ ಚದರ ಸೆಂ.ಮೀ.ಗೆ 28 ಗ್ರಾಂ ಬಂತು. ಈಗಿನ ರೈಫಲ್ ಗುಂಡಿಗಿಂತ ಜಾಸ್ತಿ! ಹಾಗಂತ ಕುಣಿಯಬೇಡಿ. ಮೊಂಡು ಮೂತಿ, ಚರ್ಮದ ಕಟ್ಟು, ಪಕ್ಕಕ್ಕೆ ಅಂಟಿದ ಕತ್ತಿ... ಆಕಾರದ ಲೆಕ್ಕದಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಕಳ್ಕೊಳ್ತಾರೆ. ಅಡ್ಡಗಾಳಿ ಇದ್ರಂತೂ ಉರಿಯುವ ರಾಕೆಟ್ಟು ಗಾಳಿ ಬರೋ ಕಡೆಗೇ ಮೂತಿ ತಿರುಗಿಸಿಕೊಂಡು ಹೋಗುತ್ತೆ. ಗುರಿಗೆ ಹೊಡೆಯೋ ಆಯುಧ ಅಲ್ಲ ಅದು, ಗುಂಪಿನ ಮೇಲೆ ಸುರಿಯೋದು.

ಹಾಗೆ ಸುರಿದಾಗ ಕೆಲಸ ಮಾಡಿತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿ ಹಿಮ್ಮೆಟ್ಟಿದ. ಮಾರನೇ ದಿನ ಬೆಳಕಲ್ಲಿ ಬಂದು ಅದೇ ತೋಪನ್ನ ಹಿಡಿದ, ಮೇ 4ಕ್ಕೆ ಕೋಟೆಯೇ ಬಿತ್ತು. ಭಕ್ತರು ಮೊದಲನೇ ವಾಕ್ಯ ಮಾತ್ರ ಹೇಳ್ತಾರೆ, ದ್ವೇಷಿಗಳು ಎರಡನೇದು ಮಾತ್ರ. "ಪ್ರಪಂಚದ ಮೊದಲು" ಅನ್ನೋರಿಗೆ: ಚೀನಾದ ಕೈಫೆಂಗ್, 1232. "ಪಟಾಕಿ" ಅನ್ನೋರಿಗೆ: ಪಟಾಕಿಯನ್ನ ಹಡಗಿಗೆ ಹಾಕಿ ವುಲಿಚ್‌ಗೆ ಯಾಕೆ ಹೊತ್ತರು, ಕಾಂಗ್ರೀವ್ ಅದರ ಹಿಂದೆ ಯಾಕೆ ಬಿದ್ದ?

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆ ಸಿಕ್ಕವು. ಸುದ್ದಿಗಳನ್ನ ತೆಗೆದು ಓದಿ. ಉದ್ದ ಇದೆ, "ಮೆಗ್ನೀಸಿಯಂ ಪುಡಿ" ತುಂಬಿತ್ತು ಅಂತಲೂ ಇದೆ! ಲೋಹದ ಮೆಗ್ನೀಸಿಯಂ ಅನ್ನ ಹಂಫ್ರಿ ಡೇವಿ ಬೇರ್ಪಡಿಸಿದ್ದು 1808ರಲ್ಲಿ, ಟಿಪ್ಪು ಸತ್ತು ಒಂಬತ್ತು ವರ್ಷಕ್ಕೆ. ಮಣ್ಣಲ್ಲಿ ಹೂತಿದ್ದಕ್ಕೆ ಅದರ ಲವಣ ಅಂಟಿರಬಹುದು, ಪುಡಿ ಹೇಗೆ ಬರುತ್ತೆ? ಎರಡೂ ಬಣದವರು ಅದನ್ನ ಫಾರ್ವರ್ಡ್ ಮಾಡಿದ್ರು. ನಾನು ಓದಿದ ಒಂದು ವರದಿಯಲ್ಲೂ ಕೊಳವೆಯ ತೂಕ ಇರಲಿಲ್ಲ, ಗೋಡೆಯ ದಪ್ಪ ಇರಲಿಲ್ಲ.

ತಮಾಷೆ ನೋಡಿ. 2017ರಲ್ಲಿ ರೈಲು ಜೋಡಿಮಾರ್ಗಕ್ಕೆ ಅಡ್ಡ ಬಂತು ಅಂತ ಶ್ರೀರಂಗಪಟ್ಟಣದ ಮದ್ದಿನಮನೆಯನ್ನೇ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ರು. ಅದರ ತೂಕ ಎಲ್ಲ ಪೇಪರಿನಲ್ಲೂ ಬಂತು, ಸುಮಾರು ಸಾವಿರ ಟನ್. ಕಟ್ಟಡವನ್ನ ತೂಗಬಲ್ಲೆವು, ಒಂದು ಗೇಣುದ್ದದ ಕೊಳವೆಯನ್ನ ತಕ್ಕಡಿಗೆ ಹಾಕಿ ಆ ಅಂಕಿಯನ್ನ ಪಕ್ಕದ ಫಲಕದ ಮೇಲೆ ಬರೆಯೋಕೆ ಏನು ಕಷ್ಟ?

ಈ ನವೆಂಬರಿನಲ್ಲಿ ಯಾರಾದ್ರೂ ಇದರ ಮೇಲೆ ಪೋಸ್ಟ್ ಹಾಕಿದ್ರೆ, ಪರವಾಗಿರಲಿ ವಿರೋಧವಾಗಿರಲಿ, ನಾನು ಕಾಮೆಂಟಿನಲ್ಲಿ ಒಂದೇ ಪ್ರಶ್ನೆ ಕೇಳೋದು. ಮೇಲೆ ಟೈಟಲ್ಲಿನಲ್ಲಿದೆ :-)